ಮೇಷ್ಟ್ರ ಬೀರುವಿನಲ್ಲಿ ಮಲಗಿರುವ ಬಾಟಲಿ

ಈ ಸಲ ಒಂದೇ ಕಾಗದ ಅಂಕಣದ ಮುಕ್ಕಾಲು ಜಾಗ ನುಂಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಚಿಂತಾಮಣಿಯ ಮೇಷ್ಟ್ರು ಕೇಳಿರುವ ರೀತಿಯೇ ಹಾಗಿದೆ. ಉತ್ತರ ಬರೆಯಲು ಕೂತವನಿಗೆ ಏಳುವ ಮನಸ್ಸಾಗಲಿಲ್ಲ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ನಮ್ಮಕ್ಕನ ಮಗ 2011ರಲ್ಲಿ ಊರಿಗೆ ಬಂದಾಗ ಒಂದು ಬಾಟಲಿ ರೆಡ್ ವೈನ್ ತಂದುಕೊಟ್ಟ. ಲೇಬಲ್ ಮೇಲೆ ಬರೋಸಾ, ಶಿರಾಜ್, 2004 ಎಂದಿದೆ. ನೂರು ವರ್ಷ ದಾಟಿದ ಬಳ್ಳಿಗಳದ್ದು ಅಂತಲೂ ಬರೆದಿದೆ. ‘ಮಾವ, ಇಟ್ಟಷ್ಟೂ ಒಳ್ಳೇದು’ ಅಂದು ಹೋದ. ಮೊದಲ ಎರಡು ಬೇಸಿಗೆ ಷೋಕೇಸಿನಲ್ಲಿತ್ತು. ಆಮೇಲೆ ಹಳೇ ಮನೆಯ ಕತ್ತಲೆ ಕೋಣೆಯ ಬೀರುವಿನಲ್ಲಿ ಮಲಗಿಸಿ ಇಟ್ಟಿದ್ದೇನೆ. ‘ಮೇಷ್ಟ್ರ ಮನೇಲಿ ನೂರು ವರ್ಷದ ವೈನ್ ಇದೆ’ ಅಂತ ಸ್ನೇಹಿತರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಲಕ್ಷಗಟ್ಟಲೆ ಬರುತ್ತೆ ಅಂತ ಒಬ್ಬರ ಲೆಕ್ಕ. ಒಳಗಿನ ಮಟ್ಟ ಕಾರ್ಕಿನಿಂದ ಎರಡು ಬೆರಳು ಇಳಿದಿದೆ. ಇದನ್ನು ಇಡಬೇಕಾ, ಮಾರಬೇಕಾ, ಕುಡಿಯಬೇಕಾ? ಕುಡಿಯೋದಾದರೆ ಹೇಗೆ? ನಾನು ಜೀವಮಾನದಲ್ಲಿ ವೈನ್ ಕುಡಿದಿರುವುದು ನಾಲ್ಕೈದು ಸಲ.

ಉತ್ತರ: ಕುಡಿದುಬಿಡಿ ಮೇಷ್ಟ್ರೇ. ಇನ್ನೊಂದು ಬೇಸಿಗೆ ಕಾಣಿಸಬೇಡಿ. ಈ ಡಿಸೆಂಬರ್ ಚಳಿಯಲ್ಲೇ ತೆಗೆಯಿರಿ.

ಮೊದಲು ಆ ನೂರು ವರ್ಷದ ಲೆಕ್ಕ ಸರಿ ಮಾಡೋಣ. ನಿಮ್ಮ ಊರಾಚೆಯ ಹುಣಸೆ ಮರಕ್ಕೆ ನೂರು ವರ್ಷ ಆಗಿರಬಹುದು. ಹಣ್ಣು ಈ ವರ್ಷದ್ದೇ ಅಲ್ವಾ? ಇಲ್ಲೂ ಅಷ್ಟೇ. ನೂರು ದಾಟಿದ್ದು ಬಳ್ಳಿ. ಲೇಬಲ್ ಮೇಲಿನ ಬರೋಸಾ ಅನ್ನುವುದು ಅಲ್ಲಿನ ಒಂದು ದ್ರಾಕ್ಷಿ ಸೀಮೆ, ಶಿರಾಜ್ ದ್ರಾಕ್ಷಿಯ ಒಂದು ತಳಿ, 2004 ಅನ್ನುವುದು ದ್ರಾಕ್ಷಿ ಕೊಯ್ದ ವರ್ಷ. ವೈನಿಗೆ ಇಪ್ಪತ್ತು ದಾಟಿದೆ, ಅಷ್ಟೇ. ಹಳೇ ಬಳ್ಳಿ ಬೇರೆ, ಹಳೇ ವೈನ್ ಬೇರೆ. ನಿಮ್ಮ ಬಾಟಲಿಯಲ್ಲಿ ಎರಡೂ ಸೇರಿವೆ, ಅದಕ್ಕೇ ಈ ಗಲಿಬಿಲಿ.

ಅಷ್ಟು ವಯಸ್ಸಾದ ಬಳ್ಳಿ ಬರೋಸಾದಲ್ಲಿ ಉಳಿದದ್ದಕ್ಕೆ ಕಾರಣ ಒಂದು ಹುಳ ಅಲ್ಲಿಗೆ ಹೋಗದೇ ಇದ್ದದ್ದು. ಫಿಲೋಕ್ಸೆರಾ ಅಂತ ಅದರ ಹೆಸರು. ಕಣ್ಣಿಗೆ ಕಾಣಿಸೋದೇ ಕಷ್ಟ, ಬೇರಿನ ರಸ ಹೀರುವ ಹೇನಿನ ಜಾತಿ. ಅಮೆರಿಕದಿಂದ 1860ರ ದಶಕದಲ್ಲಿ ಫ್ರಾನ್ಸಿಗೆ ಬಂತು, ಯೂರೋಪಿನ ಬಹುಪಾಲು ತೋಟಗಳನ್ನು ಒಣಗಿಸಿಬಿಟ್ಟಿತು. ಕೊನೆಗೆ ಅಮೆರಿಕದ ಕಾಡುಬಳ್ಳಿಯ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ಅವರು ಬದುಕಿಕೊಂಡರು. ಬರೋಸಾ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದೊಳಗೆ ಮಾತ್ರ ಆ ಹುಳ ಇವತ್ತಿನವರೆಗೂ ಕಾಲಿಟ್ಟಿಲ್ಲ. ಹಾಗಾಗಿ ಅಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಈಗಲೂ ತಮ್ಮ ಸ್ವಂತ ಬೇರಿನ ಮೇಲೆ ನಿಂತು ಹಣ್ಣು ಬಿಡುತ್ತಿವೆ. ನಾವು ಚಪ್ಪರ ಹಾಕಿ ಹಬ್ಬಿಸುತ್ತೇವಲ್ಲ, ಆ ಥರ ಅಲ್ಲ. ಗಿಡ್ಡ ಮೋಟು, ತೊಡೆ ದಪ್ಪದ ಕಾಂಡ, ತಲೆ ಮೇಲೆ ಒಂದಿಷ್ಟು ಚಿಗುರು.

ಇದರಲ್ಲೊಂದು ತಮಾಷೆ ಇದೆ, ನಮ್ಮ ಕಡೆಯ ರೈತರಿಗೆ ಬೇಗ ಅರ್ಥವಾಗುತ್ತದೆ. 1980ರ ದಶಕದಲ್ಲಿ ಅಲ್ಲಿ ದ್ರಾಕ್ಷಿ ಜಾಸ್ತಿಯಾಗಿ ರೇಟು ಬಿತ್ತು. ಬಳ್ಳಿ ಕಿತ್ತರೆ ದುಡ್ಡು ಕೊಡುತ್ತೇವೆ ಅಂತ ಸರ್ಕಾರವೇ ಯೋಜನೆ ತಂದಿತು. ಇಳುವರಿ ಕಮ್ಮಿ ಅಂತ ಎಷ್ಟೋ ಮುದಿ ಬಳ್ಳಿಗಳನ್ನು ಟ್ರ್ಯಾಕ್ಟರ್ ಕಟ್ಟಿ ಎಳೆದುಹಾಕಿದರು. ಅವತ್ತು ಯಾರೋ ನಾಲ್ಕು ಜನ ಹಟ ಹಿಡಿದು ಕೀಳದೇ ಬಿಟ್ಟ ತೋಟದ ವೈನಿಗೆ ಇವತ್ತು ಕೇಳಿದ ರೇಟು. 2009ರಲ್ಲಿ ಬರೋಸಾದವರು ಬಳ್ಳಿಗಳಿಗೆ ವಯಸ್ಸಿನ ಮೆಟ್ಟಿಲನ್ನೂ ಮಾಡಿದರು. 35 ದಾಟಿದರೆ ಹಳೇ ಬಳ್ಳಿ. ಆಮೇಲೆ 70, 100, 125 ಅಂತ ಮೇಲಕ್ಕೆ ಹೋಗುತ್ತದೆ. ನಿಮ್ಮದು ಮೂರನೇ ಮೆಟ್ಟಿಲಿನದು.

ಬಳ್ಳಿಗೆ ವಯಸ್ಸಾದರೆ ಏನಾಗುತ್ತದೆ? ಗೊಂಚಲು ಕಮ್ಮಿ ಬಿಡುತ್ತದೆ. ಬೇರು ಆಳಕ್ಕಿಳಿದಿರುವುದರಿಂದ ಒಂದು ವರ್ಷ ಮಳೆ ಕೈಕೊಟ್ಟರೂ ತಡೆದುಕೊಳ್ಳುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮುದಿ ಬಳ್ಳಿ ಅಂದ ಮಾತ್ರಕ್ಕೆ ವೈನ್ ಅಮೃತ ಅಂತ ನಾನು ಒಪ್ಪುವುದಿಲ್ಲ. ಕೆಟ್ಟ ಹಣ್ಣು ಕೊಡುತ್ತಿದ್ದ ಬಳ್ಳಿಯನ್ನು ಯಾವ ರೈತ ನೂರು ವರ್ಷ ಸಾಕುತ್ತಾನೆ ಹೇಳಿ? ಚೆನ್ನಾಗಿದ್ದದ್ದು ಉಳಿಯಿತು. ಉಳಿದದ್ದಕ್ಕೆ ವಯಸ್ಸಾಯಿತು. ಅರ್ಧ ಗುಟ್ಟು ಅಷ್ಟೇ.

ಈಗ ನಿಮ್ಮ ಬಾಟಲಿಯ ವಿಷಯ. ವೈನಿನ ವಯಸ್ಸು ಎಷ್ಟು ಅನ್ನೋದಕ್ಕಿಂತ ಅದು ಎಲ್ಲಿ ಮಲಗಿತ್ತು ಅನ್ನೋದು ದೊಡ್ಡದು. ಅದಕ್ಕೆ ಬೇಕಾದ್ದು 12ರಿಂದ 14 ಡಿಗ್ರಿ ತಂಪು, ಕತ್ತಲೆ, ಅಲುಗಾಟ ಇಲ್ಲದ ಜಾಗ. ನಮ್ಮ ತಾತನ ಕಾಲದಲ್ಲಿ ರಾಗಿ ತುಂಬಲು ಅಂಗಳದಲ್ಲಿ ಹಗೇವು ಇತ್ತು. ಗಡಿಗೆಯ ಆಕಾರಕ್ಕೆ ನೆಲ ತೋಡಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗಿನ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಫ್ರಾನ್ಸಿನವರ ನೆಲಮಾಳಿಗೆಯ ಲೆಕ್ಕವೂ ಅದೇ. ಹಗೇವಿನ ಬಾಯಿ ತೆಗೆದ ಮೇಲೆ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಸಿ ಆರುತ್ತದಾ ಅಂತ ನೋಡುತ್ತಿದ್ದರು. ನಾನು ನಂದಿ ಬೆಟ್ಟದ ತಪ್ಪಲಿನ ಒಂದು ವೈನರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ರಸ ಹುದುಗುವ ಟ್ಯಾಂಕಿನೊಳಗೆ ಇಳಿಯುವ ಮುಂಚೆ ಗಾಳಿ ಪರೀಕ್ಷೆ ಮಾಡಬೇಕು ಅಂತ ಹೇಳಿಕೊಟ್ಟರು. ಹಗೇವಿನಲ್ಲಿ ದೀಪ ಆರಿಸುತ್ತಿದ್ದ, ಉಸಿರುಗಟ್ಟಿಸುವ ಕಾರ್ಬನ್ ಡೈಆಕ್ಸೈಡೇ ಅಲ್ಲೂ ತುಂಬಿರುತ್ತದೆ. ತಾತನ ದೀಪ ನೆನಪಾಯಿತು.

ನೀವು ಷೋಕೇಸಿನಲ್ಲಿಟ್ಟ ಆ ಎರಡು ಬೇಸಿಗೆಯೇ ನನಗೆ ಚಿಂತೆ. ನಮ್ಮ ಕಡೆ ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುತ್ತದೆ. ಬಿಸಿಗೆ ವೈನ್ ಹಿಗ್ಗುತ್ತದೆ, ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ಕುಗ್ಗುವಾಗ ಗಾಳಿ ಎಳೆದುಕೊಳ್ಳುತ್ತದೆ. ಒಮ್ಮೆ ಬೆಂದರೆ ಮುಗಿಯಿತು, ಆಮೇಲೆ ತಂಪಿನಲ್ಲಿಟ್ಟರೂ ವಾಪಸ್ ಬರುವುದಿಲ್ಲ. ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದೆಯಾ, ಕತ್ತಿನ ಮೇಲೆ ಅಂಟಂಟು ಸೋರಿದ ಗುರುತಿದೆಯಾ ನೋಡಿ. ಇಲ್ಲದಿದ್ದರೆ ಒಳ್ಳೇ ಸೂಚನೆ. ಎರಡು ಬೆರಳು ಇಳಿದದ್ದಕ್ಕೆ ಗಾಬರಿ ಬೇಡ, ಇಪ್ಪತ್ತು ವರ್ಷಕ್ಕೆ ಅಷ್ಟು ಸಹಜ. ಬಾಟಲಿಯ ಭುಜದವರೆಗೆ ಇಳಿದಿದ್ದರೆ ಮಾತು ಬೇರೆ.

ನನ್ನದೇ ಕಥೆ ಹೇಳುತ್ತೇನೆ, ಉಪದೇಶ ಮಾಡುವವನ ಬಣ್ಣವೂ ಗೊತ್ತಿರಲಿ. ಮಗಳು ಹುಟ್ಟಿದ ವರ್ಷದ, ಕ್ಯಾಬರ್ನೆ ಅನ್ನುವ ಇನ್ನೊಂದು ದ್ರಾಕ್ಷಿ ತಳಿಯ ವೈನ್ ಬಾಟಲಿ ತಂದು, ಅವಳಿಗೆ ಕೆಲಸ ಸಿಕ್ಕ ದಿನ ತೆಗೆಯೋಣ ಅಂತ ಅಟ್ಟದ ಮೇಲಿಟ್ಟೆ. ಮೇಲೆ ಶೀಟು. ದಿನಾ ತಂಪು ಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದವನಿಗೆ ಅಷ್ಟು ಬುದ್ಧಿ ಬೇಡವಾ? ಇಪ್ಪತ್ತೆರಡು ವರ್ಷ ಆದ ಮೇಲೆ ಇಳಿಸಿ ತೆಗೆದರೆ ಬಣ್ಣ ಬರೀ ಕಂದು, ವಾಸನೆ ಸೀದ ಹುಣಸೆ ಗೊಜ್ಜಿನದು. ಮಗಳು ನಗು ತಡೆದುಕೊಂಡು ಒಂದು ಗುಟುಕು ಕುಡಿದಳು ಪಾಪ. ಮನೆಯವಳು ಮಾತಾಡಲಿಲ್ಲ. ಬೆಳಗ್ಗೆ ನೋಡಿದರೆ ಅದಕ್ಕೇ ಉಪ್ಪು ಹಾಕಿ ತಾಮ್ರದ ಹಂಡೆ ಉಜ್ಜುತ್ತಿದ್ದಾಳೆ. ‘ಹುಣಸೆಹಣ್ಣು ಉಳೀತು’ ಅಂದಳು.

ನಿಮ್ಮದು ಹಾಗಾಗಿಲ್ಲ ಅಂತಲೇ ಇಟ್ಟುಕೊಳ್ಳೋಣ. ತೆಗೆಯುವ ರೀತಿ ಹೇಳುತ್ತೇನೆ.

ಎರಡು ದಿನ ಮುಂಚೆ ಬಾಟಲಿಯನ್ನು ನಿಧಾನಕ್ಕೆ ಎತ್ತಿ ನೆಟ್ಟಗೆ ನಿಲ್ಲಿಸಿ. ಮಲಗಿದ್ದ ಕಡೆ ಗಸಿ ಕೂತಿರುತ್ತದೆ, ಅದು ತಳಕ್ಕಿಳಿಯಬೇಕು. ಕುಡಿಯುವ ದಿನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ರೆಡ್ ವೈನನ್ನು ಕೋಣೆಯ ಬಿಸಿಗೇ ಕುಡಿಯಬೇಕು ಅನ್ನುತ್ತಾರೆ, ಆ ಕೋಣೆ ಯೂರೋಪಿನದು, ಚಿಂತಾಮಣಿಯದ್ದಲ್ಲ. 16ರಿಂದ 18 ಡಿಗ್ರಿ ಇದ್ದರೆ ಸರಿ. ಇಪ್ಪತ್ತು ವರ್ಷದ ಕಾರ್ಕ್ ಒದ್ದೆ ಬ್ರೆಡ್ಡಿನಂತಾಗಿರುತ್ತದೆ. ತಿರುಪು ಮಾದರಿಯ ಓಪನರನ್ನು ಪೂರ್ತಿ ಆಳಕ್ಕೆ ಇಳಿಸಿ, ಅವಸರ ಇಲ್ಲದೆ ಎಳೆಯಿರಿ. ಮುರಿದರೆ ಬೈದುಕೊಳ್ಳಬೇಡಿ. ಉಳಿದ ತುಂಡನ್ನು ಒಳಕ್ಕೇ ತಳ್ಳಿ, ಒಗೆದು ಒಣಗಿಸಿದ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ. ಸೋಪಿನ ವಾಸನೆ ಇರಬಾರದು, ಅಷ್ಟೇ.

ಬಗ್ಗಿಸುವಾಗ ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಇಟ್ಟುಕೊಂಡು ಒಂದೇ ಸಮನೆ ಗಾಜಿನ ಜಗ್ಗಿಗೆ ಸುರಿಯಿರಿ. ಮಧ್ಯೆ ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಗಸಿ ಏಳುತ್ತದೆ. ಕತ್ತಿನಲ್ಲಿ ಕಪ್ಪು ಹೊಗೆಯಂತೆ ಎಳೆ ಕಾಣಿಸಿದ ಕೂಡಲೇ ನಿಲ್ಲಿಸಿ. ಆ ಗಸಿ ಕಲಬೆರಕೆ ಅಲ್ಲ. ಎಳೇ ವೈನಿನಲ್ಲಿ ಬಾಯಿ ಹಿಡಿಯುವ ಒಗರು ಇರುತ್ತದಲ್ಲ, ಎಳೇ ಗೋಡಂಬಿ ಹಣ್ಣು ಕಚ್ಚಿದ ಹಾಗೆ? ಟ್ಯಾನಿನ್ ಅನ್ನುತ್ತಾರೆ. ದ್ರಾಕ್ಷಿ ಸಿಪ್ಪೆಯಿಂದ, ಬೀಜದಿಂದ ಬರುವುದು. ವರ್ಷಗಳು ಕಳೆದಂತೆ ಆ ಒಗರೂ ಬಣ್ಣವೂ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳ ಸೇರುತ್ತವೆ. ಅದಕ್ಕೇ ಹಳೇ ವೈನಿನ ಬಣ್ಣ ತೆಳು, ಬಾಯಿಗೆ ನುಣುಪು.

ಗ್ಲಾಸಿಗೆ ಎರಡು ಬೆರಳು ಹಾಕಿ, ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿಯಿರಿ. ಎಳೇ ಶಿರಾಜ್ ನೇರಳೆಹಣ್ಣಿನ ಬಣ್ಣ. ನಿಮ್ಮದು ನಡುವೆ ದಾಳಿಂಬೆ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ ತೋರಬೇಕು. ಮಧ್ಯದಿಂದ ಅಂಚಿನ ತನಕ ಬರೀ ಕಂದು ಇದ್ದರೆ, ನಿಮ್ಮನೆಯಲ್ಲೂ ಹಂಡೆ ಇರಬೇಕಲ್ಲ.

ಇನ್ನು ವಾಸನೆ. 1996ರದ್ದೊಂದು ಬರೋಸಾ ಶಿರಾಜನ್ನು 2016ರಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಗೆಳೆಯನೊಬ್ಬ ತೆಗೆದ. ತಂಪಿನಲ್ಲೇ ಇಟ್ಟಿದ್ದ ಬಾಟಲಿ. ಮೊದಲ ಸಲ ಮೂಗಿಟ್ಟರೆ ಏನೂ ಇಲ್ಲ, ಮುಚ್ಚಿದ ಕೋಣೆಯ ಥರ. ಕಾಲು ಗಂಟೆ ಸುಮ್ನೆ ಕೂತೆವು. ಆಮೇಲೆ ಒಣಗಿದ ಅಂಜೂರ ಬಂತು. ಆಮೇಲೆ ಮೊದಲ ಮಳೆ ಬಿದ್ದ ಮಾವಿನ ತೋಪಿನ ನೆಲ, ಕೊಳೆತ ಎಲೆ. ಇನ್ನೊಂದು ಏನೋ ಇತ್ತು, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಗೆಳೆಯ ‘ಲೆದರ್, ಟೊಬ್ಯಾಕೊ’ ಅಂತ ಪುಸ್ತಕದಲ್ಲಿ ಓದಿದ್ದನ್ನೇ ಹೇಳಿದ. ನನ್ನ ಹೆಂಡತಿ ಒಂದು ಹನಿಯನ್ನೂ ಕುಡಿಯುವವಳಲ್ಲ. ಗ್ಲಾಸು ಎತ್ತಿ ಮೂಸಿದಳು, ಇನ್ನೊಂದು ಸಲ ಮೂಸಿದಳು. ‘ನಮ್ಮಪ್ಪನ ಎಲೆಅಡಿಕೆ ಸಂಚಿ ಕಣ್ರೀ ಇದು’ ಅಂದಳು. ಹೌದು! ಬೆವರಿಗೆ ಮೆತ್ತಗಾದ ಚರ್ಮದ ಸಂಚಿ, ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ, ಒಂದು ಲವಂಗ. ಸಂಚಿಯ ದಾರ ಬಿಚ್ಚಿದ ಹಾಗೇ ಇತ್ತು. ಅವರಪ್ಪ ಹೋಗಿ ಆಗಲೇ ಹತ್ತು ವರ್ಷವಾಗಿತ್ತು. ಅವತ್ತಿನಿಂದ ಯಾವ ಬಾಟಲಿ ತೆಗೆದರೂ ಮೊದಲು ಅವಳ ಮೂಗಿಗೇ ಹಿಡಿಯುತ್ತೇನೆ.

ಅದಕ್ಕೇ ಹೇಳುತ್ತೇನೆ, ಪುಸ್ತಕದ ಪಟ್ಟಿ ಇಟ್ಟುಕೊಂಡು ಕುಡಿಯಬೇಡಿ. ಅಲ್ಲಿರುವ ಹಣ್ಣುಗಳನ್ನು ನೀವೂ ತಿಂದಿಲ್ಲ, ನಾನೂ ತಿಂದಿಲ್ಲ. ನಿಮ್ಮ ಮೂಗಿಗೆ ಗೊತ್ತಿರುವ ಹೆಸರು ಹೇಳಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ ಅನ್ನಿಸಿದರೆ ಅದನ್ನೇ ಹೇಳಿ.

ಒಂದು ಎಚ್ಚರಿಕೆ. ಮೂಗಿಟ್ಟ ಕೂಡಲೇ ಒದ್ದೆ ಗೋಣಿಚೀಲ, ನೆನೆದ ಪೇಪರಿನ ವಾಸನೆ ಹೊಡೆದರೆ ಅದು ಕಾರ್ಕಿನಿಂದ ಬಂದ ದೋಷ. ಟಿಸಿಎ ಅನ್ನುವ ರಾಸಾಯನಿಕ. ಕುಡಿದರೆ ಅಪಾಯವೇನಿಲ್ಲ, ರುಚಿ ಮಾತ್ರ ಸತ್ತಿರುತ್ತದೆ. ಅದು ನಿಮ್ಮ ತಪ್ಪೂ ಅಲ್ಲ, ಅಳಿಯನ ತಪ್ಪೂ ಅಲ್ಲ.

ಕುಡಿಯುವಾಗ ಜೋರು ರುಚಿ ನಿರೀಕ್ಷೆ ಮಾಡಬೇಡಿ. ಮುಪ್ಪಿನ ವೈನ್ ಮೆಲ್ಲಗೆ ಮಾತಾಡುತ್ತದೆ. ಅದಕ್ಕೇ ಜೊತೆಗೆ ನಮ್ಮ ನಾಟಿಕೋಳಿ ಸಾರು, ಮುದ್ದೆ ಇಟ್ಟರೆ ಪಾಪ ವೈನಿನ ದನಿ ಕೇಳಿಸುವುದೇ ಇಲ್ಲ. ಖಾರ ಎಲ್ಲವನ್ನೂ ನುಂಗಿಬಿಡುತ್ತದೆ. ಮಟನ್ ತಿನ್ನುವವರಾದರೆ ಉಪ್ಪು, ಮೆಣಸು ಮಾತ್ರ ಹಾಕಿ ಹುರಿದ ತುಂಡು ಸಾಕು. ಇಲ್ಲದಿದ್ದರೆ ತುಪ್ಪದಲ್ಲಿ ಬಾಡಿಸಿದ ಅಣಬೆ. ಹುರಿದ ಕಡ್ಲೆಕಾಯಿಯೂ ನಡೆಯುತ್ತದೆ, ಮೆಣಸಿನಪುಡಿ ಉದುರಿಸಬೇಡಿ. ಜಗ್ಗಿಗೆ ಬಗ್ಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಿ. ಎಳೇ ವೈನಿಗೆ ಗಾಳಿ ಒಳ್ಳೇದು, ಮುದಿ ವೈನಿಗೆ ಅಷ್ಟು ತಡೆಯುವ ಶಕ್ತಿ ಇರುವುದಿಲ್ಲ. ನಾಳೆಗೆ ಅಂತ ಎತ್ತಿಟ್ಟರೆ ನಾಳೆ ಅದು ಇರುವುದಿಲ್ಲ.

750 ಎಂಎಲ್ ಬಾಟಲಿ, ಆರು ಸಣ್ಣ ಗ್ಲಾಸು. ನೂರು ವರ್ಷ ಅಂತ ಊರೆಲ್ಲ ಸಾರಿದ ಸ್ನೇಹಿತರನ್ನೇ ಕರೆಯಿರಿ. ಅಡಿಲೇಡಿಗೆ ವಿಡಿಯೊ ಕಾಲ್ ಮಾಡುವುದಾದರೆ ಮಧ್ಯಾಹ್ನವೇ ಕೂರಿ. ಅಲ್ಲಿನ ಗಡಿಯಾರ ನಮಗಿಂತ ನಾಲ್ಕೈದು ಗಂಟೆ ಮುಂದಿದೆ, ರಾತ್ರಿ ಮಾಡಿದರೆ ಹುಡುಗ ಮಲಗಿರುತ್ತಾನೆ.

ಮಾರುವ ಮಾತಿಗೆ ಕೆಳಗಿನ ಉತ್ತರ ನೋಡಿ.

ಪ್ರಶ್ನೆ: ಹಳೇ ವೈನ್ ಬಾಟಲಿಗಳನ್ನು ಕೂಡಿಟ್ಟು ಮಾರಿದರೆ ಚಿನ್ನಕ್ಕಿಂತ ಲಾಭ ಅಂತ ಯೂಟ್ಯೂಬಿನಲ್ಲಿ ನೋಡಿದೆ. ತುಮಕೂರಿನಲ್ಲಿ ಶುರು ಮಾಡಬಹುದಾ?

ಉತ್ತರ: ಬೇಡ. ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ನಮ್ಮಲ್ಲಿ ಅಪರಾಧ, ಬಾಟಲಿ ಹಳೇದಾದರೂ ಅಷ್ಟೇ, ಹೊಸದಾದರೂ ಅಷ್ಟೇ. ಲಂಡನ್ನಿನ ಹರಾಜಿನಲ್ಲಿ ರೇಟು ಬರುವುದು ಬಾಟಲಿ ಹುಟ್ಟಿದ ದಿನದಿಂದ ಎಲ್ಲೆಲ್ಲಿ ಎಷ್ಟು ತಂಪಿನಲ್ಲಿತ್ತು ಅನ್ನುವ ದಾಖಲೆಗೆ. ನಿಮ್ಮ ಫ್ರಿಜ್ಜಿಗೆ ಯಾರು ಸಾಕ್ಷಿ ಹೇಳುತ್ತಾರೆ? ದುಡ್ಡು ಕೂಡಿಡುವುದಕ್ಕೆ ಚಿನ್ನವೇ ಇರಲಿ. ಅದು ಬೇಸಿಗೆಯಲ್ಲಿ ಹುಳಿಯುವುದಿಲ್ಲ.

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಅರ್ಧ ಎಕರೆ ಬೆಂಗಳೂರು ಬ್ಲೂ ತೋಟ. ಅಪ್ಪ ನೆಟ್ಟು 40 ವರ್ಷವಾಯಿತು. ಹಳೇ ಬಳ್ಳಿ ಅಂತ ಹೇಳಿ ವೈನರಿಗೆ ಜಾಸ್ತಿ ರೇಟು ಕೇಳಬಹುದಾ?

ಉತ್ತರ: ಬರೋಸಾದ ಲೆಕ್ಕದಲ್ಲಿ ನಿಮ್ಮ ಬಳ್ಳಿಗಳು ಮೊದಲ ಮೆಟ್ಟಿಲು ಹತ್ತಿಯೇ ಬಿಟ್ಟಿವೆ. ಓದಿ ನನಗೇ ಖುಷಿಯಾಯಿತು. ವರ್ಷಕ್ಕೆರಡು ಸಲ ಕಟಿಂಗ್ ಮಾಡಿ, ಎರಡು ಬೆಳೆ ತೆಗೆಯುವ ನಮ್ಮ ಕಡೆ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. 40 ವರ್ಷ ಬಾಳಿಸಿದ್ದು ನಿಮ್ಮಪ್ಪನ ಕೈಗುಣ.

ಆದರೆ ರೇಟಿನ ಆಸೆ ಹುಟ್ಟಿಸಲಾರೆ. ಬೆಂಗಳೂರು ಬ್ಲೂ ಅಮೆರಿಕದ ಲಾಬ್ರುಸ್ಕಾ ಜಾತಿಯ ಬಳಗದ್ದು. ಸಿಪ್ಪೆ ದಪ್ಪ, ಚೀಪಿದರೆ ತಿರುಳು ಒಂದೇ ಸಲಕ್ಕೆ ಜಾರಿ ಬರುತ್ತದೆ. ಅದರದ್ದೇ ಒಂದು ಘಮ ಇದೆ, ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಳಿಸಿದರೆ ಇಪ್ಪತ್ತು ಹೆಜ್ಜೆ ದೂರಕ್ಕೇ ಹೊಡೆಯುತ್ತದೆ. ಜ್ಯೂಸಿಗೆ, ಸಿಹಿ ವೈನಿಗೆ ಅದು ಚೆಂದ. ಇಪ್ಪತ್ತು ವರ್ಷ ಮಲಗಿಸುವ ವೈನಿಗೆ ಬೇಕಾದ ಗಟ್ಟಿ ಒಗರು ಅದರಲ್ಲಿಲ್ಲ. ಶಿರಾಜ್, ಕ್ಯಾಬರ್ನೆ ಅದಕ್ಕೆ ಬೇರೆಯೇ ಜಾತಿ. ಅವು ನಂದಿ ತಪ್ಪಲಿಗೆ ಬಂದು ವೈನ್ ಆಗಲು ಶುರುವಾಗಿದ್ದೇ 1980ರ ದಶಕದ ಕೊನೆಯಿಂದ ಈಚೆಗೆ. ಹಾಗೆ ನೋಡಿದರೆ ನಿಮ್ಮ ಬಳ್ಳಿಗಳೇ ಅವಕ್ಕೆ ಹಿರಿಯರು. ರೇಟು ಸಿಗಲಿ ಬಿಡಲಿ, ಟೊಮೆಟೊ ಹಾಕೋಣ ಅಂತ ಕಿತ್ತುಹಾಕಬೇಡಿ. ಆಸ್ಟ್ರೇಲಿಯಾದವರು ಕಿತ್ತು ಕೈ ಹಿಸುಕಿಕೊಂಡ ಕಥೆ ಮೇಲೆಯೇ ಬರೆದಿದ್ದೇನೆ.

ಪ್ರಶ್ನೆ: ಒಂದು ಹಳೇ ಬಾಟಲಿಯ ಕಾರ್ಕಿನ ತುದಿಗೆ ಗಾಜಿನ ಚೂರಿನಂಥದ್ದು ಅಂಟಿತ್ತು. ಹೆದರಿ ಚೆಲ್ಲಿಬಿಟ್ಟೆ. ಸರಿ ಮಾಡಿದೆನಾ? (ಕೋಲಾರದಿಂದ)

ಉತ್ತರ: ಅಯ್ಯೋ, ಚೆಲ್ಲಬಾರದಿತ್ತು. ಅದು ಟಾರ್ಟಾರಿಕ್ ಆಮ್ಲದ ಉಪ್ಪು, ತಂಪಿಗೆ ಹರಳು ಕಟ್ಟುತ್ತದೆ. ದ್ರಾಕ್ಷಿಯಲ್ಲೂ ಹುಣಸೆಯಲ್ಲೂ ಇರುವ ಹುಳಿ ಒಂದೇ, ಅದೇ ಈ ಟಾರ್ಟಾರಿಕ್. ನನ್ನ ಹೆಂಡತಿಯ ಹಂಡೆ ಬೆಳಗಿದ್ದು ಸುಮ್ಮನೆ ಅಲ್ಲ. ಮುಂದಿನ ಸಲ ಒಂದು ಹರಳು ತೆಗೆದು ಹಲ್ಲಿನಲ್ಲಿ ಕಡಿದು ನೋಡಿ. ಗಾಜಾದರೆ ಕಡಿಯಲು ಆಗುವುದಿಲ್ಲ ಅಂತ ಹೇಳುತ್ತಿದ್ದೆ, ಮನೆಯವಳು ಹಿಂದಿನಿಂದ ಓದಿ ಬೈದಳು. ಬಾಯಿಗೆ ಹಾಕಬೇಡಿ. ಬಿಸಿನೀರಿಗೆ ಹಾಕಿ, ಕರಗಿದರೆ ಉಪ್ಪು.

ಪ್ರಶ್ನೆ: ರೆಡ್ ವೈನ್ ಹೃದಯಕ್ಕೆ ಒಳ್ಳೇದಂತೆ. ದಿನಾ ಒಂದು ಗ್ಲಾಸ್ ಶುರು ಮಾಡಲಾ? ವಯಸ್ಸು 58, ಬಿಪಿ ಮಾತ್ರೆ ಇದೆ.

ಉತ್ತರ: ಶುರು ಮಾಡಬೇಡಿ. ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ವೈನ್ ಔಷಧಿ ಅಲ್ಲ. ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಜಗ್ಗಿಗೆ ಬಗ್ಗಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿಯನ್ನು ಏನು ಮಾಡುತ್ತೀರಿ?

ಉತ್ತರ: ನಮ್ಮ ಮನೆಯಲ್ಲಿ ಬೇಕಾದಷ್ಟು ನೀರು ಬೆರೆಸಿ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯುತ್ತಾರೆ. ಗಿಡ ಇನ್ನೂ ಬದುಕಿದೆ.